ನಡುವೆ ಸಿಕ್ಕಿಕೊಂಡ ಕಾರು ನಂದು

"ಹಿಂದಿನಿಂದ ಗುದ್ದಿದವರದ್ದೇ ತಪ್ಪು." ಕಾರು ಕಲಿಯುವಾಗಿನಿಂದ ಈ ಮಾತು ಕೇಳಿದ್ದೇನೆ, ನಂಬಿಯೂ ಇದ್ದೆ. 2024ರ ನವೆಂಬರ್‌ನ ಒಂದು ಭಾನುವಾರ ಸಂಜೆ ಒಬ್ಬರು ಇದೇ ಮಾತನ್ನು ನನ್ನ ಕಡೆ ಕೈ ತೋರಿಸಿ ಹೇಳಿದರು. ಅದೇ ಹೊತ್ತಿಗೆ ನಾನೂ ಇದೇ ಮಾತನ್ನು ಇನ್ನೊಬ್ಬನಿಗೆ ಹೇಳುತ್ತಿದ್ದೆ. ಒಂದರ ಹಿಂದೆ ಒಂದು ಮೂರು ಗಾಡಿ ಗುದ್ದಿಕೊಂಡಿದ್ದವು. ನಡುವಿನ ಕಾರು ನಂದು.

ತುಮಕೂರಿನಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ನಾನು ಓಡಿಸುತ್ತಿದ್ದೆ. ಯಜಮಾನರು ಪಕ್ಕದಲ್ಲಿ, ಅಮ್ಮ ಹಿಂದಿನ ಸೀಟಿನಲ್ಲಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಡಾಬಸ್‌ಪೇಟೆ ದಾಟಿದ್ದೆವು, ನೆಲಮಂಗಲ ಇನ್ನೂ ಬಂದಿರಲಿಲ್ಲ. ಆಗ ಅಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದದ್ದು ಆ ಕಡೆ ಓಡಾಡುವವರಿಗೆಲ್ಲ ಗೊತ್ತು. ಒಂದು ಕಡೆ ಬ್ಯಾರಿಕೇಡ್, ಇನ್ನೊಂದು ಕಡೆ ಮಣ್ಣಿನ ಗುಡ್ಡೆ, ಮಧ್ಯೆ ಮಧ್ಯೆ ಮೀಡಿಯನ್‌ನಲ್ಲಿ, ಅಂದರೆ ಎರಡು ಕಡೆಯ ರಸ್ತೆ ಬೇರೆ ಮಾಡುವ ಡಿವೈಡರ್‌ನಲ್ಲಿ, ಸಂದಿ. ಆರೂಕಾಲು ಆಗಿತ್ತು. ಪೂರ್ತಿ ಕತ್ತಲೂ ಅಲ್ಲ, ಬೆಳಕೂ ಅಲ್ಲ.

ನನ್ನ ಮುಂದೆ ಒಂದು ವ್ಯಾಗನ್ ಆರ್ ಹೋಗುತ್ತಿತ್ತು. ನಮ್ಮಿಬ್ಬರ ಸ್ಪೀಡ್ ಸುಮಾರು 60. ಮೀಡಿಯನ್ ಸಂದಿಯಿಂದ ಒಂದು ಬೈಕ್ ನುಗ್ಗಿ ರಾಂಗ್ ಸೈಡಿನಲ್ಲಿ ನಮಗೆ ಎದುರಾಗಿ ಬಂತು. ವ್ಯಾಗನ್ ಆರ್‌ನವರು ಬ್ರೇಕ್ ಒತ್ತಿದರು, ನಾನೂ ಒತ್ತಿದೆ. ನಿಂತೆ. ನಿಂತಿದ್ದೇನೆ ಅಂತ ಗೊತ್ತಾಗಿ ಉಸಿರು ಬಿಡುವಷ್ಟು ಸಮಯವೂ ಇತ್ತು, ಅದು ನನಗೆ ಚೆನ್ನಾಗಿ ನೆನಪಿದೆ, ಯಾಕಂದರೆ ಆಮೇಲೆ ತಿಂಗಳುಗಟ್ಟಲೆ ಎಲ್ಲರೂ ನನ್ನನ್ನು ಕೇಳಿದ್ದು ಅದನ್ನೇ. ಮುಂದಿನ ಕಾರಿಗೂ ನನಗೂ ಮಧ್ಯೆ ಒಂದು ಮಾರು ಜಾಗ ಉಳಿದಿತ್ತು. ಅಷ್ಟರಲ್ಲಿ ಹಿಂದಿನಿಂದ ಧಡ್ ಅಂತ ಬಿತ್ತು. ಬೆನ್ನು ಸೀಟಿಗೆ ಒತ್ತಿಕೊಂಡಿತು, ಕಾರು ಮುಂದಕ್ಕೆ ಜಿಗಿದು ವ್ಯಾಗನ್ ಆರ್‌ನ ಬೆನ್ನಿಗೆ ಹೋಗಿ ಕೂತಿತು.

ಹಿಂದೆ ಇದ್ದದ್ದು ಈರುಳ್ಳಿ ತುಂಬಿದ ಪಿಕಪ್. ಹಿರಿಯೂರು ಕಡೆಯಿಂದ ಯಶವಂತಪುರ ಮಾರ್ಕೆಟ್‌ಗೆ ಹೊರಟಿತ್ತು.

ಮೊದಲ ಹತ್ತು ನಿಮಿಷದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ತಪ್ಪು ಯಾರದು ಅನ್ನುವುದು ಕೋರ್ಟಿನಲ್ಲಿ ತೀರ್ಮಾನ ಆಗುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದಕ್ಕೆ ಬೇಕಾದದ್ದೆಲ್ಲ ಇರುವುದು ರಸ್ತೆಯ ಮೇಲೆ, ಅದೂ ಗಾಡಿ ಪಕ್ಕಕ್ಕೆ ಹಾಕುವವರೆಗೆ ಮಾತ್ರ.

ವ್ಯಾಗನ್ ಆರ್‌ನಿಂದ ಇಳಿದವರು ಅರವತ್ತು ದಾಟಿದ ಒಬ್ಬ ಹಿರಿಯರು. ಪಾಪ, ಕೈ ನಡುಗುತ್ತಿತ್ತು. ಸೀದಾ ನನ್ನ ಹತ್ತಿರ ಬಂದು, "ನೋಡಮ್ಮ, ಹಿಂದಿನಿಂದ ಗುದ್ದಿದ್ದು ನೀನು. ನನಗೆ ನೀನೇ ಕಟ್ಟಿಕೊಡಬೇಕು" ಅಂದರು. ನಾನು ಪಿಕಪ್ ತೋರಿಸಿ, "ಅಂಕಲ್, ಅವನು ನನ್ನ ತಳ್ಳಿದ್ದು" ಅಂದೆ. "ಅದು ನಿಮ್ಮಿಬ್ಬರ ವಿಷಯ, ನನಗೆ ತಾಗಿದ್ದು ನಿನ್ನ ಕಾರು" ಅಂದರು. ಪಿಕಪ್ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. "ಅಕ್ಕ, ನಿಮ್ಮ ಬ್ರೇಕ್ ಲೈಟ್ ಹತ್ತಲೇ ಇಲ್ಲ. ನೀವು ನಿಂತಿದ್ದೇ ಗೊತ್ತಾಗ್ಲಿಲ್ಲ" ಅಂದ. ಸುತ್ತ ಸೇರಿದ್ದ ಜನ ಮಾತ್ರ ನನ್ನ ಯಜಮಾನರನ್ನೇ ಮಾತಾಡಿಸುತ್ತಿದ್ದರು. "ಸರ್, ಐದು ಸಾವಿರ ಇಸ್ಕೊಂಡು ಮುಗಿಸ್ಕೊಳ್ಳಿ, ಸ್ಟೇಷನ್ ಗೀಷನ್ ಅಂತ ಯಾಕೆ" ಅಂತ ಒಬ್ಬರು ರಾಜಿ ಮಾಡಿಸಲೂ ನಿಂತರು.

ನಾವು ಮುಗಿಸಿಕೊಂಡೂ ಬಿಡುತ್ತಿದ್ದೆವೇನೋ. ಆದರೆ ಅಮ್ಮ ಕಾರಿನಿಂದ ಇಳಿಯುವಾಗ ಕತ್ತು ಹಿಡಿದುಕೊಂಡರು. "ಏನೂ ಆಗಿಲ್ಲ, ಸ್ವಲ್ಪ ಉಳುಕಿದೆ ಅಷ್ಟೇ" ಅಂದರು. ಅದನ್ನು ಕೇಳಿದ ಮೇಲೆ ನನಗೆ ಐದು ಸಾವಿರದ ಮಾತು ಕಿವಿಗೆ ಹೋಗಲಿಲ್ಲ. ಗಾಡಿಗಳನ್ನು ತೆಗೆಯಲು ಬಿಡದೆ ಯಜಮಾನರಿಗೆ ಫೋಟೋ ತೆಗೆಯಲು ಹೇಳಿ, ನಾನು 112ಕ್ಕೆ ಫೋನ್ ಮಾಡಿದೆ. ಹೆದ್ದಾರಿಯಲ್ಲಾದರೆ 1033ಕ್ಕೂ ಮಾಡಬಹುದು, ಆಂಬುಲೆನ್ಸ್ ಮತ್ತು ಗಾಡಿ ಎತ್ತುವ ಕ್ರೇನ್ ಆ ನಂಬರಿನಿಂದ ಬರುತ್ತೆ. ಯಜಮಾನರು ತೆಗೆದ ಫೋಟೋಗಳಲ್ಲಿ ಮೂರು ಗಾಡಿಯೂ ಒಟ್ಟಿಗೆ ಕಾಣುತ್ತಿದ್ದವು. ಪಿಕಪ್ ಚಕ್ರದ ಕಪ್ಪು ಗೆರೆ ಎಲ್ಲಿ ಶುರುವಾಗಿದೆ ಅನ್ನುವುದೂ ಇತ್ತು. ಅದು ನನ್ನ ಕಾರಿನ ಹಿಂದೆ ಬರೀ ಆರೇಳು ಅಡಿ ಇತ್ತು. ಅಂದರೆ ಹುಡುಗ ಬ್ರೇಕ್ ಒತ್ತುವಷ್ಟರಲ್ಲಿ ಹೆಚ್ಚುಕಮ್ಮಿ ನನ್ನ ಮೇಲೇ ಬಂದಿದ್ದ.

ಆಸ್ಪತ್ರೆಯಲ್ಲಿ ರಸ್ತೆ ಅಪಘಾತ ಅಂದ ಕೂಡಲೇ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಮೆಡಿಕೊ ಲೀಗಲ್ ಕೇಸ್, ಅಂತ ಬರೆದುಕೊಂಡರು. ಈ ಚೀಟಿ ಆಮೇಲೆ ತುಂಬ ಕೆಲಸಕ್ಕೆ ಬಂತು. ಮನೆಗೆ ಹೋಗಿ ಮಾರನೇ ದಿನ ಗೊತ್ತಿರುವ ಡಾಕ್ಟರ್ ಹತ್ತಿರ ತೋರಿಸಿಕೊಂಡಿದ್ದರೆ, ಆ ನೋವು ಅಪಘಾತದ್ದೇ ಅಂತ ತೋರಿಸಲು ಪರದಾಡಬೇಕಿತ್ತು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಕತ್ತಿನ ಸ್ನಾಯು ಎಳೆದಿತ್ತು. ಹಿಂದಿನಿಂದ ಗುದ್ದು ಬಿದ್ದಾಗ ಮೈ ಸೀಟಿನ ಜೊತೆ ಮುಂದೆ ಹೋಗುತ್ತೆ, ತಲೆ ಹಿಂದೆ ಉಳಿಯುತ್ತೆ, ಆಮೇಲೆ ಚಾಟಿಯ ಹಾಗೆ ಮುಂದೆ ಬರುತ್ತೆ. ಅದನ್ನು ತಡೆಯಲಿಕ್ಕೇ ಹೆಡ್‌ರೆಸ್ಟ್ ಇರುವುದು. ಕನ್ನಡಿಯಲ್ಲಿ ಹಿಂದೆ ಚೆನ್ನಾಗಿ ಕಾಣಲಿ ಅಂತ ಹಿಂದಿನ ಸೀಟಿನ ಹೆಡ್‌ರೆಸ್ಟ್‌ಗಳನ್ನು ನಾನೇ ಪೂರ್ತಿ ಕೆಳಗೆ ಒತ್ತಿಟ್ಟಿದ್ದೆ. ಅಮ್ಮ ಬೆಲ್ಟ್ ಹಾಕಿದ್ದರು, ಅದೊಂದು ಪುಣ್ಯ.

ಸ್ಟೇಷನ್‌ಗೆ ಹೋದಾಗ ಗೊತ್ತಾದ ವಿಷಯ ಏನಂದರೆ, ನಮಗಿಂತ ಮುಂಚೆ ವ್ಯಾಗನ್ ಆರ್‌ನ ಹಿರಿಯರು ಬಂದು ನನ್ನ ಮೇಲೆ ದೂರು ಬರೆದುಕೊಟ್ಟಿದ್ದರು. ನನಗೆ ಅಳು ಬಂದಿತ್ತು, ನಿಜವಾಗಿ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ನಿಧಾನಕ್ಕೆ ಕೂರಿಸಿ ಮಾತಾಡಿದರು. "ಮೇಡಂ, ಯಾರು ಮೊದಲು ದೂರು ಕೊಟ್ಟರು ಅನ್ನೋದರ ಮೇಲೆ ತಪ್ಪು ತೀರ್ಮಾನ ಆಗಲ್ಲ. ನೀವೂ ಬರೆದುಕೊಡಿ. ಆದರೆ ಏನಾಯ್ತೋ ಅಷ್ಟೇ ಬರೀರಿ, ಅಂದಾಜು ಬರೀಬೇಡಿ" ಅಂದರು. ಅವರು ಒಂದು ಪ್ರಶ್ನೆ ಕೇಳಿದರು. ಇಡೀ ಕೇಸಿನಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಯಾರೂ ಕೇಳಲಿಲ್ಲ.

"ನಿಮಗೆ ಮೊದಲು ಬೆನ್ನಿಗೆ ಒತ್ತಿದ ಹಾಗಾಯ್ತೋ, ಮುಂದಕ್ಕೆ ಮುಗ್ಗರಿಸಿದ ಹಾಗಾಯ್ತೋ?"

ನಡುವಿನ ಗಾಡಿಯವರು ತಾವೇ ಮುಂದಿನದಕ್ಕೆ ಗುದ್ದಿ, ಆಮೇಲೆ ಹಿಂದಿನಿಂದ ಗುದ್ದಿಸಿಕೊಂಡರೆ ಮೈ ಮೊದಲು ಮುಂದೆ ಮುಗ್ಗರಿಸುತ್ತೆ. ಆಗ ಮುಂದಿನ ಗಾಡಿಯವರಿಗೆ ಸಾಮಾನ್ಯವಾಗಿ ಎರಡು ಏಟು ಗೊತ್ತಾಗುತ್ತೆ. ನಿಂತಿದ್ದ ಗಾಡಿಯನ್ನು ಹಿಂದಿನವರು ತಳ್ಳಿದರೆ ನಡುವಿನವರಿಗೆ ಮೊದಲು ಬೆನ್ನು ಒತ್ತುತ್ತೆ, ಮುಂದಿನವರಿಗೆ ಒಂದೇ ಏಟು. ನಾನು ಬೆನ್ನಿಗೆ ಅಂದೆ. ಅಮ್ಮನೂ ಬೇರೆಯಾಗಿ ಕೇಳಿದಾಗ ಅದನ್ನೇ ಹೇಳಿದರು. ವ್ಯಾಗನ್ ಆರ್‌ನ ಹಿರಿಯರು ಎರಡು ಸಲ ಸದ್ದಾಯ್ತು ಅಂದಿದ್ದರು. ಅವರು ಸುಳ್ಳು ಹೇಳಲಿಲ್ಲ ಅಂತ ಈಗಲೂ ನನಗನ್ನಿಸುತ್ತೆ. ಪಿಕಪ್ ನನಗೆ ಗುದ್ದಿದ ಸದ್ದೂ ಅವರಿಗೆ ಕೇಳಿಸಿರುತ್ತಲ್ವಾ? ಸದ್ದು ಎರಡು, ಏಟು ಒಂದು. ಪಕ್ಕದಲ್ಲಿ ಕೂತಿದ್ದ ಅವರ ಮನೆಯವರನ್ನು ಕೇಳಿದಾಗ, "ಕುಲುಕಿದ್ದು ಒಂದೇ ಸಲ" ಅಂದರು. ಆ ತಾಯಿಗೆ ನಾನು ಋಣಿ.

ಅಷ್ಟರಲ್ಲಿ ನನಗೆ ಅರ್ಥವಾಗಿದ್ದು ಇದು. ಹಿಂದಿನಿಂದ ಗುದ್ದಿದವರದ್ದೇ ತಪ್ಪು ಅಂತ ಯಾವ ಕಾಯ್ದೆಯಲ್ಲೂ ಬರೆದಿಲ್ಲ. 1989ರ ರಸ್ತೆ ನಿಯಮಗಳಲ್ಲಿ ಎರಡು ಮಾತು ಅಕ್ಕಪಕ್ಕ ಇದ್ದವು. 23ನೇ ನಿಯಮ, ಮುಂದಿನ ಗಾಡಿ ಏಕಾಏಕಿ ನಿಧಾನ ಮಾಡಿದರೂ ನಿಂತರೂ ಗುದ್ದದಷ್ಟು ಅಂತರ ಹಿಂದಿನವರು ಇಟ್ಟುಕೊಂಡಿರಬೇಕು ಅನ್ನುತ್ತಿತ್ತು. 24ನೇ ನಿಯಮ, ಸುರಕ್ಷತೆಗೆ ಅಗತ್ಯ ಇಲ್ಲದೆ ಯಾರೂ ತಟ್ಟನೆ ಬ್ರೇಕ್ ಹಾಕಬಾರದು ಅನ್ನುತ್ತಿತ್ತು. 2017ರಲ್ಲಿ ಬಂದ ಹೊಸ ಚಾಲನಾ ನಿಯಮಗಳಲ್ಲೂ ಈ ಎರಡೂ ಇವೆ. ಹಿಂದಿನವರಿಗೊಂದು ಹೊಣೆ, ಮುಂದಿನವರಿಗೊಂದು ಹೊಣೆ. ಹಿಂದಿನವರ ಹೊಣೆ ದೊಡ್ಡದು, ಅದಕ್ಕೇ ಆ ಮಾತು ಗಾದೆಯ ಹಾಗೆ ಉಳಿದುಕೊಂಡಿದೆ.

ನಮ್ಮ ವಕೀಲರು 2018ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಓದಿ ಹೇಳಿದರು. ನಿಶಾನ್ ಸಿಂಗ್ ಕೇಸು ಅಂತ. ಒಂದು ಮಾರುತಿ ಕಾರು ಲಾರಿಯ ಹಿಂದೆ ಹತ್ತು ಹದಿನೈದು ಅಡಿ ಅಂತರದಲ್ಲಿ ಹೋಗುತ್ತಿತ್ತು. ಲಾರಿ ತಟ್ಟನೆ ಬ್ರೇಕ್ ಹಾಕಿತು, ಕಾರು ಹಿಂದೆ ನುಗ್ಗಿತು. ಲಾರಿ ಬ್ರೇಕ್ ಹಾಕಿದ್ದೇ ತಪ್ಪು ಅಂತ ಕಾರಿನ ಕಡೆಯವರ ವಾದ. ಅಷ್ಟು ಕಡಿಮೆ ಅಂತರ ಸುರಕ್ಷಿತ ಅಲ್ಲ, ತಪ್ಪು ಕಾರು ಓಡಿಸುತ್ತಿದ್ದವರದ್ದೇ ಅಂತ ಕೋರ್ಟ್ ಹೇಳಿತು. ಅದೇ ವರ್ಷದ ಇನ್ನೊಂದು ಕೇಸು ಅರ್ಚಿತ್ ಸೈನಿ ಅವರದ್ದು. ರಾತ್ರಿ ಹೊತ್ತು ರಸ್ತೆ ಮಧ್ಯೆ ಲೈಟೂ ಇಲ್ಲದೆ, ಗುರುತೂ ಇಲ್ಲದೆ ಗ್ಯಾಸ್ ಟ್ಯಾಂಕರ್ ನಿಂತಿತ್ತು, ಕಾರು ಹೋಗಿ ಹಿಂದಿನಿಂದ ಗುದ್ದಿತು. ಅಲ್ಲಿ ಕಾರಿನವರ ತಪ್ಪು ಏನೂ ಇಲ್ಲ, ಎಲ್ಲವೂ ಟ್ಯಾಂಕರಿನದ್ದು ಅಂತ ಆಯಿತು. ಎರಡರಲ್ಲೂ ಹಿಂದಿನಿಂದಲೇ ಗುದ್ದಿದ್ದು. ತೀರ್ಪು ಮಾತ್ರ ಉಲ್ಟಾ.

ಈಗ ಹುಡುಗ ಹೇಳಿದ ಬ್ರೇಕ್ ಲೈಟಿನ ಮಾತು ನನ್ನ ತಲೆಯಲ್ಲಿ ಕೊರೆಯಲು ಶುರುವಾಯಿತು.

ಸೋಮವಾರ ಬೆಳಿಗ್ಗೆ ನಾವಿಬ್ಬರೂ ಜಾಗಕ್ಕೆ ವಾಪಸ್ ಹೋದೆವು. ಎದುರಿಗೇ ಒಂದು ಪೆಟ್ರೋಲ್ ಬಂಕ್ ಇದೆ, ರಸ್ತೆ ಕಡೆಗೂ ಒಂದು ಕ್ಯಾಮೆರಾ ತಿರುಗಿಸಿದ್ದಾರೆ. ಮ್ಯಾನೇಜರ್ ಒಳ್ಳೆಯವರು. "ನಮ್ಮಲ್ಲಿ ಹದಿನೈದು ದಿನಕ್ಕೆ ಹಳೇದು ಅಳಿಸಿಹೋಗುತ್ತೆ, ಪೊಲೀಸಿನವರು ಕೇಳಿದರೆ ಕೊಡ್ತೀವಿ" ಅಂದರು. ನಾನು ಅಲ್ಲಿಂದಲೇ ಹೆಡ್ ಕಾನ್‌ಸ್ಟೇಬಲ್‌ಗೆ ಫೋನ್ ಮಾಡಿದೆ. ಅವರು ಎರಡು ದಿನದಲ್ಲಿ ಬಂದು ತಗೊಂಡು ಹೋದರು. ಸುಮ್ನೆ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಕಾಗುವುದಿಲ್ಲ. ಕ್ಯಾಮೆರಾ ನೋಡಿಕೊಳ್ಳುವವರಿಂದ ಒಂದು ಪ್ರಮಾಣಪತ್ರ ಬೇಕು. ಮೊದಲು ಅದನ್ನು 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು, 2024ರ ಜುಲೈನಿಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ನಿನಡಿ ಕೊಡುತ್ತಾರೆ. ಇದನ್ನು ಪೊಲೀಸರೇ ನೋಡಿಕೊಂಡರು. ಆದರೆ ನಾವು ಸೋಮವಾರ ಹೋಗದೆ ಸುಮ್ಮನಿದ್ದಿದ್ದರೆ ಯಾರಿಗೂ ಆ ಬಂಕ್ ನೆನಪಾಗುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ವಿಡಿಯೋವನ್ನು ಸ್ಟೇಷನ್ನಿನ ಕಂಪ್ಯೂಟರಿನಲ್ಲಿ ಎಲ್ಲರೂ ಒಟ್ಟಿಗೆ ನೋಡಿದೆವು. ಹಿರಿಯರೂ ಇದ್ದರು, ಪಿಕಪ್ ಹುಡುಗನೂ ಅವನ ಓನರೂ ಇದ್ದರು. ಬೈಕ್ ನುಗ್ಗುತ್ತೆ. ವ್ಯಾಗನ್ ಆರ್ ನಿಲ್ಲುತ್ತೆ. ನನ್ನ ಕಾರು ನಿಲ್ಲುತ್ತೆ. ಮಧ್ಯೆ ಖಾಲಿ ಜಾಗ ಕಾಣುತ್ತೆ. ಪಿಕಪ್ ಬರುತ್ತೆ. ಹಿರಿಯರು ಅದನ್ನು ಮೂರು ಸಲ ಹಾಕಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ತಿಳ್ಕೊಂಡೆ ಕಣಮ್ಮ" ಅಂದರು. ಅವತ್ತೇ ಮರುಹೇಳಿಕೆ ಕೊಟ್ಟರು.

ವಿಡಿಯೋದಲ್ಲಿ ಸಮಯ ಓಡುತ್ತಿರುತ್ತೆ. ಬಂಕಿನ ಬೋರ್ಡ್ ಎದುರಿಗೆ ನಾನು ಹೋದ ಮೇಲೆ ಪಿಕಪ್ ಅಲ್ಲಿಗೆ ಬರಲು ಒಂದು ಸೆಕೆಂಡ್ ಕೂಡ ಹಿಡಿದಿಲ್ಲ. 60ರ ಸ್ಪೀಡಿನಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಓಡುತ್ತೆ. ಕಣ್ಣಿಗೆ ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದೂವರೆ ಸೆಕೆಂಡ್ ಹೋಗಬಹುದು, ಅಂದರೆ 25 ಮೀಟರ್. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಒಳ್ಳೆಯ ಕಾರೇ ಆದರೂ ನಿಲ್ಲಲು ಇನ್ನೂ 20 ಮೀಟರ್. ಲೋಡ್ ತುಂಬಿದ ಪಿಕಪ್‌ಗೆ ಇನ್ನೂ ಜಾಸ್ತಿ ಬೇಕು. ಅವನಿಗೆ ನಿಲ್ಲಲು ದಾರಿಯೇ ಇರಲಿಲ್ಲ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ, ನಾವು ಆ ಕಂಬ ತಲುಪುವಾಗ ಕನಿಷ್ಠ ಎರಡು ಸೆಕೆಂಡ್ ಆಗಿರಬೇಕು ಅನ್ನುತ್ತಾರಲ್ಲ, ಅದರ ಪ್ರಕಾರ ನಾನೂ ಸರಿ ಇರಲಿಲ್ಲ. ವ್ಯಾಗನ್ ಆರ್‌ಗೂ ನನಗೂ ಒಂದೂವರೆ ಸೆಕೆಂಡ್ ಇತ್ತು. ನಾನು ನಿಂತದ್ದು ಹೊಸ ಟೈರ್ ಮತ್ತು ಅದೃಷ್ಟದಿಂದ.

ಅದೇ ವಿಡಿಯೋದಲ್ಲಿ ಇನ್ನೊಂದೂ ಕಂಡಿತು. ಮಬ್ಬು ಬೆಳಕಿದ್ದರಿಂದ ಬ್ರೇಕ್ ಲೈಟ್ ಚೆನ್ನಾಗಿ ಗೊತ್ತಾಗುತ್ತಿತ್ತು. ವ್ಯಾಗನ್ ಆರ್‌ಗೆ ಎರಡೂ ಕಡೆ ಕೆಂಪಾಯಿತು. ನನ್ನ ಕಾರಿಗೆ ಬಲಗಡೆ ಹತ್ತಿತು, ಹಿಂದಿನ ಗಾಜಿನ ಮೇಲಿರುವ ಚಿಕ್ಕದೂ ಹತ್ತಿತು. ಎಡಗಡೆ ಕಪ್ಪಗೇ ಇತ್ತು.

ಬ್ರೇಕ್ ಲೈಟ್ ಹತ್ತಲೇ ಇಲ್ಲ ಅಂದ ಹುಡುಗನ ಮಾತು ಪೂರ್ತಿ ನಿಜ ಅಲ್ಲ. ಪೂರ್ತಿ ಸುಳ್ಳೂ ಅಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಕಾರಿನ ಹಿಂದಿನ ಲೈಟನ್ನು ನಾನು ಯಾವತ್ತು ನೋಡಿದ್ದೆ? ಡ್ರೈವರ್ ಸೀಟಿನಲ್ಲಿ ಕೂತವರಿಗೆ ಅದು ಕಾಣುವುದೇ ಇಲ್ಲ.

ಮೂರು ಗಾಡಿಯನ್ನೂ ಆರ್‌ಟಿಒದ ಇನ್‌ಸ್ಪೆಕ್ಟರ್ ಬಂದು ನೋಡಿದರು. ಐಎಂವಿ ರಿಪೋರ್ಟ್ ಅನ್ನುತ್ತಾರೆ. ಎಲ್ಲೆಲ್ಲಿ ಜಜ್ಜಿದೆ, ಬ್ರೇಕ್ ಸರಿ ಇದೆಯಾ, ಅಪಘಾತ ಯಾಂತ್ರಿಕ ದೋಷದಿಂದ ಆಗಿದ್ದಾ ಅಲ್ಲವಾ, ಇಷ್ಟು ಅದರಲ್ಲಿ ಇರುತ್ತೆ. ನನ್ನ ಕಾರಿನ ಎಡಗಡೆ ಲೈಟಿನ ಗಾಜು ಒಡೆದು ಹೋಗಿತ್ತು, ಆದರೆ ಒಳಗಿನ ಬಲ್ಬ್ ಹಾಗೇ ಇತ್ತು. ನಾನು ಅಲ್ಲೇ ನಿಂತಿದ್ದೆ. ಅವರು ಬಲ್ಬ್ ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದರು. ಉರಿಯುತ್ತಿರುವ ಬಲ್ಬಿಗೆ ಏಟು ಬಿದ್ದರೆ ಒಳಗಿನ ತಂತಿ ಬಿಸಿಯಾಗಿ ಮೆತ್ತಗಿರುತ್ತೆ, ಅದಕ್ಕೇ ಎಳೆದ ಸ್ಪ್ರಿಂಗಿನ ಹಾಗೆ ಜಗ್ಗಿಹೋಗುತ್ತೆ. ನನ್ನ ಬಲ್ಬಿನ ಸುರುಳಿ ಬಿಗಿಯಾಗೇ ಇತ್ತು, ಮಧ್ಯೆ ತುಂಡಾಗಿತ್ತು, ಗಾಜಿನ ಒಳಗೆ ಕಪ್ಪು ಕಟ್ಟಿತ್ತು. "ಇದು ಮೊದಲೇ ಹೋಗಿತ್ತು ಮೇಡಂ" ಅಂದರು. ರಿಪೋರ್ಟಿನಲ್ಲಿ ಅದನ್ನೂ ಬರೆದರು. ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ ಅನ್ನುವುದನ್ನೂ ಬರೆದರು.

ಪೊಲೀಸರು ಪಿಕಪ್ ಹುಡುಗನ ಮೇಲೆ ಚಾರ್ಜ್‌ಶೀಟ್ ಹಾಕಿದರು. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಗಾಯಕ್ಕೆ 125(ಎ). ಹಳೆಯ ಐಪಿಸಿಯಲ್ಲಿ ಇವೇ 279 ಮತ್ತು 337 ಆಗಿದ್ದವು. ಅವನು ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಕೋರ್ಟಿನ ಹೊರಗೆ ಸಿಕ್ಕಿದಾಗ, ಏಳು ಗಂಟೆಯೊಳಗೆ ಮಾರ್ಕೆಟ್‌ನಲ್ಲಿರಬೇಕು ಅಂತ ಓನರ್ ಫೋನ್ ಮೇಲೆ ಫೋನ್ ಮಾಡುತ್ತಿದ್ದರು ಅಂದ. "ಅಮ್ಮ ಹೇಗಿದ್ದಾರೆ ಅಕ್ಕ" ಅಂತ ಕೇಳಿದ. ಅವನ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನಗೆ ಆಗಲಿಲ್ಲ.

ಇನ್ಶೂರೆನ್ಸ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ತಪ್ಪು ಪಿಕಪ್‌ನವರದ್ದಾದರೆ ನನ್ನ ಕಾರಿನ ರಿಪೇರಿ ಪಿಕಪ್‌ನ ಇನ್ಶೂರೆನ್ಸ್‌ನಿಂದ ತಾನಾಗೇ ಬರುತ್ತೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅವರ ಥರ್ಡ್ ಪಾರ್ಟಿ ಪಾಲಿಸಿಯಿಂದ, ಅಂದರೆ ಅವರ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಇರುವ ಪಾಲಿಸಿಯಿಂದ, ತಗೊಳ್ಳಬೇಕಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಕಾರು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ಕೂರಲು ಆಗುತ್ತಾ? ಅದಕ್ಕೆ ಎಲ್ಲರೂ ತಮ್ಮ ತಮ್ಮ ಪಾಲಿಸಿಯಲ್ಲೇ ಕ್ಲೈಮ್ ಮಾಡುತ್ತಾರೆ. ವ್ಯಾಗನ್ ಆರ್‌ನವರೂ ಹಾಗೇ ಮಾಡಿದರು, ನಾನೂ ಹಾಗೇ ಮಾಡಿದೆ. ಇನ್ಶೂರೆನ್ಸ್ ಕಡೆಯಿಂದ ನಷ್ಟ ಅಳೆಯುವ ಸರ್ವೇಯರ್ ಬಂದು ಟೇಪ್ ಹಿಡಿದು ನೋಡಿದರು. ನನ್ನ ಕಾರಿಗೆ ಮುಂದಿಗಿಂತ ಹಿಂದೆ ಜಾಸ್ತಿ ಜಜ್ಜಿತ್ತು. ಜೋರಾಗಿ ಬ್ರೇಕ್ ಹಿಡಿಯುತ್ತಾ ಹೋಗಿ ಗುದ್ದಿದ್ದರೆ ಕಾರಿನ ಮೂತಿ ಕೆಳಗೆ ಬಾಗಿರುತ್ತೆ, ಏಟಿನ ಗುರುತು ತಗ್ಗಿನಲ್ಲಿ ಬೀಳುತ್ತೆ. ನನ್ನದರಲ್ಲಿ ಗುರುತು ನೇರವಾಗಿ ಬಂಪರ್ ಮಟ್ಟಕ್ಕೇ ಇತ್ತು. ಇದೂ ನಿಂತಿದ್ದ ಕಾರನ್ನು ತಳ್ಳಿದ್ದು ಅನ್ನುವುದಕ್ಕೆ ಹೊಂದುತ್ತೆ ಅಂದರು.

ಬಿಲ್ ಆದದ್ದು 1,24,000 ರೂಪಾಯಿ. ಕಾರು ಐದು ವರ್ಷ ದಾಟಿದ್ದರಿಂದ ಲೋಹದ ಭಾಗಗಳಿಗೆ ನೂರಕ್ಕೆ 40 ಕಡಿತ, ಬಂಪರ್‌ನಂಥ ಪ್ಲಾಸ್ಟಿಕ್‌ಗೆ 50 ಕಡಿತ. ಗಾಜಿಗೆ ಕಡಿತ ಇಲ್ಲ. ಈ ಕಡಿತ ಆಗದ ಹಾಗೆ ಮಾಡುವ ಝೀರೋ ಡೆಪ್ ಅನ್ನು ನಾನು ಆ ವರ್ಷ ತಗೊಂಡಿರಲಿಲ್ಲ. ಕಡ್ಡಾಯವಾಗಿ ನಾವೇ ಹಾಕಬೇಕಾದ ಸಾವಿರವೂ ಸೇರಿ ನನ್ನ ಕೈಯಿಂದ ಹೋದದ್ದು 32,700. ಇದರ ಮೇಲೆ, ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೈಮ್ ಬೋನಸ್, 50 ಪರ್ಸೆಂಟ್‌ಗೆ ಬಂದಿತ್ತು, ಅದು ಸೊನ್ನೆಗೆ ಇಳಿಯಿತು. ತಪ್ಪು ಯಾರದೇ ಆಗಿರಲಿ, ನಮ್ಮ ಪಾಲಿಸಿಯಲ್ಲಿ ಕ್ಲೈಮ್ ಮಾಡಿದರೆ ಅದು ಹೋಗುತ್ತೆ. ಇದು ನನಗೆ ಈಗಲೂ ಅನ್ಯಾಯ ಅನ್ನಿಸುತ್ತೆ.

ಕಾನೂನಿನಲ್ಲಿ ಅಪಘಾತವಾದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು ಅಂತಿದೆ. ನಾವು ಮಾರ್ಚ್‌ನಲ್ಲಿ ಬೆಂಗಳೂರಿನಲ್ಲೇ ಹಾಕಿದೆವು. ಅರ್ಜಿದಾರರು ಇರುವ ಊರಿನಲ್ಲಿ ಹಾಕಲು ಅವಕಾಶ ಇದೆ, ಅದರಿಂದ ಓಡಾಟ ಉಳಿಯಿತು. ಎರಡು ಅರ್ಜಿ. ಅಮ್ಮನ ಗಾಯಕ್ಕೆ ಒಂದು, ನನ್ನ ಕಾರಿನ 32,700ಕ್ಕೆ ಒಂದು.

ಪಿಕಪ್‌ನ ಇನ್ಶೂರೆನ್ಸ್ ವಕೀಲರು ನಾನು ಹೆದರಿದ್ದ ಜಾಗಕ್ಕೇ ಕೈ ಹಾಕಿದರು. ಐಎಂವಿ ರಿಪೋರ್ಟ್ ತೋರಿಸಿ, ಒಂದು ಬ್ರೇಕ್ ಲೈಟ್ ಇರಲಿಲ್ಲ, ಆದ್ದರಿಂದ ಅಪಘಾತದಲ್ಲಿ ಕಾರಿನವರದ್ದೂ ಪಾಲಿದೆ, ಎರಡೂ ಅರ್ಜಿಯಲ್ಲಿ ಕಡಿತ ಆಗಬೇಕು ಅಂದರು. ಆಗ ನಮ್ಮ ವಕೀಲರು ಒಂದು ವ್ಯತ್ಯಾಸ ವಿವರಿಸಿದರು. ನಾನು ಓಡಿಸುತ್ತಿದ್ದವಳು. ನನ್ನ ತಪ್ಪು ಎಷ್ಟಿದೆಯೋ ಅಷ್ಟು ನನ್ನ ಪರಿಹಾರದಲ್ಲಿ ಕಡಿಮೆ ಆಗುತ್ತೆ, ಅದು ಸರಿ. ಆದರೆ ಅಮ್ಮ ಹಿಂದೆ ಸುಮ್ನೆ ಕೂತಿದ್ದವರು. ಅವರ ತಪ್ಪು ಏನೂ ಇಲ್ಲ. ಇಬ್ಬರು ಡ್ರೈವರ್‌ಗಳ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ, ಆ ಮೂರನೆಯವರು ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು ಅಂತ 2015ರಲ್ಲಿ ಖೆನ್ಯೇಯಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗಳ ತಪ್ಪನ್ನು ಅಮ್ಮನ ಹಣದಲ್ಲಿ ಕಳೆಯುವ ಹಾಗಿಲ್ಲ.

ನನ್ನ ಲೆಕ್ಕದಲ್ಲಿ ಎಷ್ಟು ಕಳೆಯಬೇಕು ಅನ್ನುವುದಕ್ಕೆ ಚೌಕಾಸಿ ನಡೆಯಿತು. ಅವರು 40 ಪರ್ಸೆಂಟ್ ಅಂದರು. ನಮ್ಮ ವಕೀಲರು ಏನೂ ಇಲ್ಲ ಅಂದರು. ಬಲಗಡೆಯದೂ ಮೇಲಿನದೂ ಹತ್ತಿದ್ದವು, ಪಿಕಪ್ ಒಂದು ಸೆಕೆಂಡಿಗಿಂತ ಹತ್ತಿರ ಇತ್ತು, ಎಡಗಡೆಯ ಲೈಟ್ ಇದ್ದಿದ್ದರೂ ಅವನು ನಿಲ್ಲುತ್ತಿರಲಿಲ್ಲ ಅನ್ನುವುದು ಅವರ ವಾದ. ವಾದ ಗಟ್ಟಿಯಾಗಿಯೇ ಇತ್ತು. 2025ರ ಜುಲೈನ ಲೋಕ ಅದಾಲತ್‌ನಲ್ಲಿ ಕೂತಾಗ ನಾನೇ 20 ಪರ್ಸೆಂಟ್‌ಗೆ ಒಪ್ಪಿಕೊಂಡೆ. ಯಜಮಾನರಿಗೆ ಇಷ್ಟ ಇರಲಿಲ್ಲ, "ಇನ್ನು ಆರು ತಿಂಗಳು ಕಾದರೆ ಪೂರ್ತಿ ಬರುತ್ತಿತ್ತು" ಅಂದರು. ಇರಬಹುದು. ಆದರೆ ಆ ಬಲ್ಬಿನೊಳಗಿನ ತುಂಡಾದ ತಂತಿಯನ್ನು ಬೆಳಕಿಗೆ ಹಿಡಿದು ನೋಡಿದವಳು ನಾನು. ಆ ಹುಡುಗನಿಗೆ ಇನ್ನೊಂದು ಕೆಂಪು ದೀಪ ಕಂಡಿದ್ದರೆ ಅರ್ಧ ಸೆಕೆಂಡ್ ಮುಂಚೆ ಕಾಲು ಇಡುತ್ತಿದ್ದನೋ ಏನೋ, ಆಗ ಅಮ್ಮನ ಕತ್ತಿಗೆ ಬಿದ್ದ ಏಟು ಅಷ್ಟು ಕಡಿಮೆ ಇರುತ್ತಿತ್ತೋ ಏನೋ. ಏನೂ ತಪ್ಪಿಲ್ಲ ಅಂತ ಸಹಿ ಹಾಕಲು ನನಗೆ ಮನಸ್ಸು ಬರಲಿಲ್ಲ. 26,160 ಬಂತು. ಅಮ್ಮನ ಆಸ್ಪತ್ರೆ, ಫಿಸಿಯೋಥೆರಪಿ ಖರ್ಚು ಮತ್ತು ನೋವಿನ ಪರಿಹಾರ ಕಡಿತವಿಲ್ಲದೆ ಬಂತು.

ಇದಾದ ಎರಡೂವರೆ ವಾರಕ್ಕೆ, ಜುಲೈ 29ಕ್ಕೆ, ಸುಪ್ರೀಂ ಕೋರ್ಟಿನಿಂದ ಇನ್ನೊಂದು ತೀರ್ಪು ಬಂತು. ವಕೀಲರು ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. 2017ರಲ್ಲಿ ಕೊಯಮತ್ತೂರಿನಲ್ಲಿ ಹೆದ್ದಾರಿ ಮಧ್ಯೆ ಒಂದು ಕಾರು ತಟ್ಟನೆ ನಿಂತಿತ್ತು. ಗರ್ಭಿಣಿ ಹೆಂಡತಿಗೆ ವಾಂತಿ ಬಂದ ಹಾಗಾಯ್ತು ಅಂತ ಅವರು ನಿಲ್ಲಿಸಿದ್ದು. ಹಿಂದೆ ಬೈಕಿನಲ್ಲಿದ್ದ ಇಂಜಿನಿಯರಿಂಗ್ ಹುಡುಗ ಕಾರಿಗೆ ಗುದ್ದಿ ಬಿದ್ದ, ಹಿಂದಿನಿಂದ ಬಂದ ಬಸ್ ಅವನ ಕಾಲಿನ ಮೇಲೆ ಹರಿಯಿತು. ಕಾಲು ಹೋಯಿತು. ಕೋರ್ಟ್ ಕಾರಿನವರದ್ದು ನೂರಕ್ಕೆ 50, ಬಸ್ಸಿನವರದ್ದು 30, ಹಿಂದಿನಿಂದ ಗುದ್ದಿದ ಹುಡುಗನದ್ದು 20 ಅಂತ ಹಂಚಿತು. ಹೆದ್ದಾರಿಯಲ್ಲಿ ನಿಲ್ಲಿಸಲೇಬೇಕಾದರೆ ಹಿಂದಿನವರಿಗೆ ಸೂಚನೆ ಕೊಡುವುದು ಮುಂದಿನವರ ಹೊಣೆ ಅಂತ ಹೇಳಿತು. ನಾನು ಆ 20 ಅನ್ನುವ ಅಂಕಿಯನ್ನು ತುಂಬ ಹೊತ್ತು ನೋಡಿದೆ. ಅಂತರ ಇಟ್ಟುಕೊಳ್ಳದ ಹುಡುಗನಿಗೂ ಅಷ್ಟೇ, ಬಲ್ಬ್ ನೋಡಿಕೊಳ್ಳದ ನನಗೂ ಅಷ್ಟೇ. ಅವನು ಕಾಲು ಕಳೆದುಕೊಂಡ, ನನ್ನದು ಆರೂವರೆ ಸಾವಿರ.

ಈಗ ವಾರಕ್ಕೊಂದು ಸಲ ಬೇಸ್‌ಮೆಂಟಿನಲ್ಲಿ ಕಾರನ್ನು ಗೋಡೆಗೆ ಹಿಂದು ಮಾಡಿ ನಿಲ್ಲಿಸಿ ಬ್ರೇಕ್ ಒತ್ತುತ್ತೇನೆ. ಗೋಡೆ ಮೇಲೆ ಎರಡೂ ಕೆಂಪು ಕಾಣುತ್ತಾ ಅಂತ ಕನ್ನಡಿಯಲ್ಲಿ ನೋಡುತ್ತೇನೆ. ಯಾರ ಸಹಾಯವೂ ಬೇಕಾಗುವುದಿಲ್ಲ, ಹತ್ತು ಸೆಕೆಂಡ್ ಸಾಕು. ಹೆಡ್‌ರೆಸ್ಟ್‌ಗಳನ್ನು ಮೇಲಕ್ಕೆ ಎತ್ತಿಟ್ಟಿದ್ದೇನೆ. ಮುಂದಕ್ಕೊಂದು ಹಿಂದಕ್ಕೊಂದು ಕ್ಯಾಮೆರಾ ಹಾಕಿಸಿದ್ದೇನೆ.

ಮನಸ್ಸಿಗೆ ಇನ್ನೂ ಹತ್ತಿಕೊಂಡಿರುವುದು ಆ ಬೈಕ್. ಮೂರು ಗಾಡಿಯ ತಪ್ಪನ್ನು ಅಳೆದು ಪಾಲು ಹಾಕಿದ್ದಾಯಿತು. ರಾಂಗ್ ಸೈಡಿನಲ್ಲಿ ನುಗ್ಗಿದವನು ಯಾವ ಲೆಕ್ಕದಲ್ಲೂ ಇಲ್ಲ. ವಿಡಿಯೋದಲ್ಲಿ ಅವನ ನಂಬರ್ ಕಾಣುವುದಿಲ್ಲ, ಚಾರ್ಜ್‌ಶೀಟಿನಲ್ಲಿ ಅವನು ಬರೀ ಒಂದು ಅಪರಿಚಿತ ದ್ವಿಚಕ್ರ ವಾಹನ. ಅವನೂ ಸುತ್ತಿ ಬರಲು ಮೈಲಿಗಟ್ಟಲೆ ಹೋಗಬೇಕಲ್ಲ ಅಂತ ಆ ಸಂದಿಯಲ್ಲಿ ನುಗ್ಗಿರುತ್ತಾನೆ. ಕಳೆದ ತಿಂಗಳು ತುಮಕೂರಿಗೆ ಹೋಗುವಾಗ ನೋಡಿದೆ, ಸಂದಿ ಹಾಗೇ ಇದೆ, ಬೈಕ್‌ಗಳು ಹಾಗೇ ನುಗ್ಗುತ್ತಿವೆ. ವಿಡಿಯೋದಿಂದ ತೆಗೆದ ನಾಲ್ಕು ಚಿತ್ರ ಮತ್ತು ಎಫ್‌ಐಆರ್ ನಕಲು ಲಗತ್ತಿಸಿ, ಅಲ್ಲಿಯ ಸಂದಿ ಮುಚ್ಚಿ ಹತ್ತಿರದಲ್ಲೇ ಸರಿಯಾದ ಯು ಟರ್ನ್ ಮಾಡಿಕೊಡಿ ಅಂತ ಅರ್ಜಿ ಕೊಟ್ಟು ಬಂದಿದ್ದೇನೆ. ಸ್ವೀಕೃತಿ ಚೀಟಿ ಕೊಟ್ಟಿದ್ದಾರೆ. ಹಿರಿಯರೂ ಕೆಳಗೆ ಸಹಿ ಹಾಕಿದ್ದಾರೆ.